ಕೀವಾಗದ ಗಾಯ

ಬ್ಲಾಗಿನ ಕಡೆ ತಲೆ ಹಾಕಿ ಎರಡು ವರ್ಷವೇ ಆಯ್ತೇನೋ. "ಏನ್ರೀ, ಬರೆಯೋದೇ ಬಿಟ್ರಾ?" ಅಂತ ಕೇಳಿದ ಗೆಳೆಯರಿಗೆಲ್ಲ "ಕೆಲಸ ಜಾಸ್ತಿ" ಅಂತ ಸುಳ್ಳು ಹೇಳ್ತಿದ್ದೆ. ಕೆಲಸ ಎಂದಿನಷ್ಟೇ ಇತ್ತು. ಬರೆಯೋಕೆ ಕೂತರೆ ಇದೊಂದನ್ನೇ ಬರೀಬೇಕಾಗಿತ್ತು, ಅದಕ್ಕೆ ಧೈರ್ಯ ಬರ್ತಿರಲಿಲ್ಲ, ಅಷ್ಟೇ. ಮೊನ್ನೆ ಅಕ್ಕನೇ "ಬರಿ, ಆದ್ರೆ ಯಾರ ಹೆಸರೂ ಹಾಕಬೇಡ" ಅಂದಳು. ಹಾಗಾಗಿ ಇಲ್ಲಿ ಯಾರಿಗೂ ಹೆಸರಿಲ್ಲ. ಮಗುವನ್ನ ಪುಟ್ಟ ಅಂತ ಕರೀತೀನಿ, ಮನೆಯಲ್ಲೂ ಹಾಗೇ ಕರೆಯೋದು.

2023ರ ಡಿಸೆಂಬರ್. ಆಫೀಸಲ್ಲಿ ರಿಲೀಸ್ ಗಡಿಬಿಡಿ. ಮಧ್ಯಾಹ್ನ ಕೊತ್ತಗೆರೆಯಿಂದ ಅಜ್ಜಿ ಫೋನು. ಅಜ್ಜಿ ತಾನಾಗೇ ಫೋನ್ ಮಾಡೋದು ಅಪರೂಪ, ಯಾರಾದರೂ ನಂಬರ್ ಒತ್ತಿ ಕೊಡಬೇಕು.

"ಕೂಸಿನ ಹೊಕ್ಕುಳ ಬಳ್ಳಿ ಇನ್ನೂ ಬಿದ್ದಿಲ್ಲ ಕಣಪ್ಪ. ಇವತ್ತಿಗೆ ಇಪ್ಪತ್ತೆರಡು ದಿನ ಆಯ್ತು."

ಒಂದು ಕಡೆ ಮೀಟಿಂಗು, ಇನ್ನೊಂದು ಕಡೆ ಅಜ್ಜಿ. ಫೋನು ಕಿವಿಯಲ್ಲಿಟ್ಟುಕೊಂಡೇ ಗೂಗಲ್ ಮಾಡಿದೆ. ಒಂದರಿಂದ ಮೂರು ವಾರ ಅಂತ ಎಲ್ಲೋ ಇತ್ತು. "ಅಜ್ಜಿ, ಮೂರು ವಾರದವರೆಗೂ ನಾರ್ಮಲ್ಲು. ಒಂದು ದಿನ ಹೆಚ್ಚಾದ್ರೆ ಏನಾಗಲ್ಲ, ಬಿಡು" ಅಂದೆ. ಅಜ್ಜಿ ಒಂದು ಕ್ಷಣ ಸುಮ್ಮನಿದ್ದು, "ಹಿಂದಿನದಕ್ಕೂ ಹಿಂಗೇ ಆಗಿತ್ತು" ಅಂದಳು. ನಾನು ಆಗಲೇ ಲ್ಯಾಪ್‌ಟಾಪಿನ ಕಡೆ ತಿರುಗಿದ್ದೆ. ಆ ಮಾತು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಹಿಂದಿನದು ಅಂದ್ರೆ ಅಕ್ಕನ ಮೊದಲ ಕೂಸು. ನಲವತ್ತು ದಿನಕ್ಕೆ ಹೋಯ್ತು. ಹೊಕ್ಕುಳ ಕೆಂಪಾಗಿ, ಜ್ವರ ಬಂದು, ಎರಡೇ ದಿನದಲ್ಲಿ. "ನಂಜಾಯ್ತು" ಅಂದರು ಊರಲ್ಲಿ. ಆಸ್ಪತ್ರೆಯವರು ಸೆಪ್ಸಿಸ್ ಅಂತ ಬರೆದಿದ್ದರು. ಎರಡೂ ಒಂದೇ ಮಾತು.

ನಮ್ಮ ಮನೆಯ ವಿಷಯ ಸ್ವಲ್ಪ ಹೇಳಬೇಕು. ಅಕ್ಕನ ಗಂಡ ಅಂದ್ರೆ ನಮ್ಮಮ್ಮನ ತಮ್ಮ, ನಮ್ಮ ಸೋದರಮಾವ. ಮದುವೆಯಾದ ಮೇಲೆ ಭಾವ ಅಂತ ಕರೀಬೇಕಿತ್ತು, ನಾಲಿಗೆ ಹೊರಳಲಿಲ್ಲ, ಇವತ್ತಿಗೂ ಮಾವನೇ. ಹಾಗಾಗಿ ಕೊತ್ತಗೆರೆಯ ಅಜ್ಜಿ ಅಕ್ಕನಿಗೆ ಅಜ್ಜಿಯೂ ಹೌದು, ಅತ್ತೆಯೂ ಹೌದು. ಕುಣಿಗಲ್ ಕಡೆ ಇದರಲ್ಲಿ ಯಾರಿಗೂ ಆಶ್ಚರ್ಯ ಇಲ್ಲ. ಅಜ್ಜಿಯೇ ನಮ್ಮಜ್ಜನಿಗೆ ಅಕ್ಕನ ಮಗಳು. ಜಮೀನು ಹೊರಗೆ ಹೋಗಲ್ಲ, ಹುಡುಗಿ ಕಣ್ಣ ಮುಂದೆ ಇರ್ತಾಳೆ, ಅತ್ತೆ ಕಾಟ ಇರಲ್ಲ ಅನ್ನೋ ಲೆಕ್ಕ. ಅತ್ತೆ ಕಾಟ ನಿಜವಾಗಿಯೂ ಇರಲಿಲ್ಲ. ಅಮ್ಮನಿಗೆ ಮಂಡಿ ನೋವು ಅಂತ ಬಾಣಂತನವನ್ನೂ ಅಜ್ಜಿಯೇ ಮಾಡಿದ್ದು.

ಬಳ್ಳಿ ಬಿದ್ದದ್ದು ಮೂವತ್ತಾರನೇ ದಿನ. ಬಿದ್ದ ಜಾಗ ಒಣಗಲಿಲ್ಲ, ಸುತ್ತ ಕೆಂಪು. ಕ್ಲಿನಿಕ್ಕಿಗೆ ಕರೆದುಕೊಂಡು ಹೋದರೆ (ಯಾವ ಕ್ಲಿನಿಕ್ಕು ಅನ್ನೋದು ಬೇಡ) ಅಲ್ಲಿನ ಡಾಕ್ಟರು ಅಜ್ಜಿಯ ಮುಖ ನೋಡಿ, "ಹಳ್ಳಿಯವರು ಏನೇನೋ ಹಚ್ಚಿರ್ತೀರ, ಸಗಣಿ ಗಿಗಣಿ" ಅಂದರಂತೆ. ಅಜ್ಜಿ ಏನೂ ಹಚ್ಚಿರಲಿಲ್ಲ. ಮೊದಲ ಕೂಸಿನ ಹೆದರಿಕೆಗೆ ಬಟ್ಟೆಯನ್ನೂ ಬಿಸಿನೀರಲ್ಲಿ ಕುದಿಸಿ ಬಳಸ್ತಿದ್ದಳು. ಆ ಮಾತಿನ ಮೇಲೆ ಅಜ್ಜಿ ಡಾಕ್ಟರ ಹತ್ತಿರ ಬಾಯಿ ಬಿಡೋದನ್ನೇ ನಿಲ್ಲಿಸಿದಳು. ನನ್ನ ಪ್ರಕಾರ ನಾವು ಕಳೆದುಕೊಂಡ ನಾಲ್ಕು ತಿಂಗಳು ಅಲ್ಲಿಂದ ಶುರು. ಯಾಕಂದ್ರೆ ಆ ಕಾಯಿಲೆಯನ್ನು ಹಿಡಿಯೋಕೆ ಬೇಕಾದ ಮುಕ್ಕಾಲು ಪಾಲು ಮಾಹಿತಿ ಇದ್ದದ್ದು ಅಜ್ಜಿಯ ಹತ್ತಿರ.

ಉಳಿದ ಕಾಲು ಪಾಲು ನನ್ನ ಫೋನಲ್ಲಿತ್ತು.

ಆ್ಯಂಟಿಬಯಾಟಿಕ್ ಕೊಟ್ಟರು, ಕಮ್ಮಿ ಆಯ್ತು. ಬಿಟ್ಟ ಹತ್ತು ದಿನಕ್ಕೆ ಮತ್ತೆ ಜ್ವರ. ಪ್ರತಿ ಸಲ ಸಿಬಿಸಿ ಮಾಡಿಸೋರು, ಮಾವ ಅದರ ಫೋಟೋ ತೆಗೆದು ನನಗೆ ವಾಟ್ಸಾಪ್ ಮಾಡೋನು. ಮನೆಯಲ್ಲಿ ಇಂಜಿನಿಯರಿಂಗ್ ಓದಿದವನು ನಾನೊಬ್ಬನೇ ಅಲ್ವಾ, ಇಂಗ್ಲಿಷಲ್ಲಿರೋ ಕಾಗದವೆಲ್ಲ ನನ್ನ ಇಲಾಖೆ. ಬಿಳಿರಕ್ತಕಣ 38 ಸಾವಿರ. ಮುಂದಿನ ತಿಂಗಳು 46 ಸಾವಿರ. ಪಕ್ಕದಲ್ಲಿ ಹೆಚ್ಚು ಅನ್ನೋ ಗುರುತು. "ಇನ್ಫೆಕ್ಷನ್ ಇದ್ದಾಗ ಜಾಸ್ತಿ ಆಗುತ್ತೆ ಮಾವ" ಅಂತ ಉತ್ತರ ಹಾಕ್ತಿದ್ದೆ. ಅದು ಸುಳ್ಳೇನಲ್ಲ. ಆದ್ರೆ ಫೆಬ್ರವರಿಯಲ್ಲಿ ಜ್ವರ ಗಿರ ಏನೂ ಇಲ್ಲದೆ ಪುಟ್ಟ ನಗುತ್ತಾ ಇದ್ದಾಗ ಮಾಡಿಸಿದ ರಿಪೋರ್ಟಿನಲ್ಲೂ 29 ಸಾವಿರ ಇತ್ತು. ಆ ವಯಸ್ಸಿನ ಕೂಸಿಗೆ ಹದಿನೆಂಟು ಸಾವಿರ ದಾಟಿದರೇ ಹೆಚ್ಚು. ದಿನವಿಡೀ ಲಾಗ್ ಫೈಲ್ ಓದಿ ಎಲ್ಲಿ ಏನು ತಪ್ಪಿದೆ ಅಂತ ಹುಡುಕೋದಕ್ಕೆ ಸಂಬಳ ತಗೊಳ್ಳೋ ಮನುಷ್ಯ ನಾನು. ನಾಲ್ಕು ರಿಪೋರ್ಟನ್ನು ಪಕ್ಕಪಕ್ಕ ಇಟ್ಟು ನೋಡಲೇ ಇಲ್ಲ.

ಏಪ್ರಿಲಲ್ಲಿ ಪುಟ್ಟನ ಕುಂಡಿಯ ಹತ್ತಿರ ಒಂದು ಗಾಯ ಆಯ್ತು. ಸಣ್ಣದು, ನೋಡನೋಡ್ತಾ ಅಗಲ ಆಯ್ತು, ಅಂಚು ದಪ್ಪ, ನಡುವೆ ಕಪ್ಪು. ಶನಿವಾರ ಬೆಳಿಗ್ಗೆ ಬಸ್ಸು ಹತ್ತಿ ಊರಿಗೆ ಹೋದೆ. ಅಜ್ಜಿ ಬಚ್ಚಲ ಹತ್ತಿರ ನನ್ನನ್ನ ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದಳು: "ಇಷ್ಟು ದೊಡ್ಡ ಗಾಯ. ಒಂದು ತೊಟ್ಟು ಕೀವಿಲ್ಲ. ಕೀವಾಗದೆ ಇರೋ ಗಾಯ ನಾನು ನೋಡಿಲ್ಲ ಕಣೋ. ಹಿಂದಿನ ಕೂಸಿನ ಹೊಕ್ಕುಳಲ್ಲೂ ಕೀವಿರ್ಲಿಲ್ಲ."

ಅವತ್ತೇ ಗಾಡಿ ಮಾಡಿಕೊಂಡು ಬೆಂಗಳೂರಿಗೆ ಬಂದೆವು. ಕುಣಿಗಲ್‌ನಿಂದ ನೆಲಮಂಗಲದವರೆಗೆ ಅಕ್ಕ ಒಂದು ಮಾತೂ ಆಡಲಿಲ್ಲ.

ಬೆಂಗಳೂರಿನ ಆಸ್ಪತ್ರೆಯಲ್ಲಿ ಬಿಳಿರಕ್ತಕಣ 64 ಸಾವಿರ ಬಂತು. ಮೊದಲು ಬಂದ ಮಾತು ರಕ್ತದ ಕ್ಯಾನ್ಸರ್. ಮೂಳೆಯಿಂದ ಮಜ್ಜೆ ತೆಗೆದು ನೋಡಿದರು. ಆ ಎರಡು ದಿನ ನಾವು ಹೇಗಿದ್ದೆವು ಅಂತ ಬರೆಯಲ್ಲ. ಕ್ಯಾನ್ಸರ್ ಇರಲಿಲ್ಲ. ಹಾಗಾದರೆ ಏನು ಅಂತ ಯಾರಿಗೂ ಗೊತ್ತಾಗದೆ ಇದ್ದಾಗ, ರಾತ್ರಿ ಡ್ಯೂಟಿಯಲ್ಲಿದ್ದ, ನನಗಿಂತ ಚಿಕ್ಕವಳಿರಬಹುದಾದ ಡಾಕ್ಟರ್ ಹುಡುಗಿ ಒಂದು ಕುರ್ಚಿ ಎಳೆದುಕೊಂಡು ಅಜ್ಜಿಯ ಎದುರಿಗೆ ಕೂತಳು. ಅಕ್ಕನ ಎದುರಿಗಲ್ಲ, ಅಜ್ಜಿಯ ಎದುರಿಗೆ. ಮೂರೇ ಪ್ರಶ್ನೆ ಕೇಳಿದಳು. ಹೊಕ್ಕುಳ ಬಳ್ಳಿ ಎಷ್ಟನೇ ದಿನ ಬಿತ್ತು? ಮನೆಯಲ್ಲಿ ಇನ್ಯಾವುದಾದರೂ ಕೂಸು ತೀರಿಕೊಂಡಿದೆಯಾ? ಸಂಬಂಧದಲ್ಲಿ ಮದುವೆಯಾ?

ಅಜ್ಜಿ ನಾಲ್ಕು ತಿಂಗಳಿಂದ ಕಟ್ಟಿಟ್ಟುಕೊಂಡದ್ದನ್ನೆಲ್ಲ ಹೇಳಿದಳು. ಆ ಡಾಕ್ಟರು ಎದ್ದು ಹೋಗಿ ಫೋನು ಮಾಡಿದರು. ಬೆಳಿಗ್ಗೆ ರಕ್ತ ತೆಗೆದು ಫ್ಲೋ ಸೈಟೋಮೆಟ್ರಿ ಅನ್ನೋ ಪರೀಕ್ಷೆಗೆ ಕಳಿಸಿದರು. ಉತ್ತರ ಬಂತು: ಲ್ಯೂಕೋಸೈಟ್ ಅಡ್ಹೀಶನ್ ಡಿಫಿಷಿಯೆನ್ಸಿ, ಒಂದನೇ ಬಗೆ. ಚಿಕ್ಕದಾಗಿ ಎಲ್‌ಎಡಿ.

ನನಗೆ ಅರ್ಥವಾದ ಹಾಗೆ ಹೇಳ್ತೀನಿ. ಕುಣಿಗಲ್ ಮೇಲೆ ಹೋಗೋ ಹೆದ್ದಾರಿ ಅಂದುಕೊಳ್ಳಿ. ರಕ್ತನಾಳ ಅಂದ್ರೆ ಆ ರಸ್ತೆ, ಬಿಳಿರಕ್ತಕಣಗಳು ಬಸ್ಸಿನಲ್ಲಿರೋ ಜನ. ಎಲ್ಲೋ ಒಂದು ಹಳ್ಳಿಯಲ್ಲಿ ಬೆಂಕಿ ಬಿದ್ದಿದೆ, ಅಂದ್ರೆ ಗಾಯಕ್ಕೆ ರೋಗಾಣು ಸೇರಿದೆ. ಜನ ಆ ಸ್ಟಾಪಿನಲ್ಲಿ ಇಳಿದು ಹೋಗಿ ನೀರು ಹಾಕಬೇಕು. ಇಳಿಯೋಕೆ ಮೊದಲು ಬಸ್ಸು ನಿಧಾನ ಆಗಬೇಕು, ಆಮೇಲೆ ಬಾಗಿಲ ಕಂಬಿಯನ್ನು ಗಟ್ಟಿಯಾಗಿ ಹಿಡಿದು ಕಾಲು ಕೆಳಗಿಡಬೇಕು. ಆ ಹಿಡಿಯೋ ಕೈಗೆ ಸಿಡಿ18 ಅಂತ ಹೆಸರು. ಅದೊಂದು ಪ್ರೋಟೀನು, ಬಿಳಿರಕ್ತಕಣದ ಮೈಮೇಲೆ ಇರುತ್ತೆ. ಪುಟ್ಟನ ಕಣಗಳಿಗೆ ಆ ಕೈಯೇ ಇಲ್ಲ. ನೂರರಲ್ಲಿ ಎರಡಕ್ಕೂ ಇರಲಿಲ್ಲ. ಹಾಗಾಗಿ ಯಾರೂ ಇಳಿಯಲ್ಲ, ತಡೆರಹಿತ ಬಸ್ಸಿನ ಥರ ಸುತ್ತುತ್ತಾನೇ ಇರ್ತಾರೆ. ಬೆಂಕಿ ಆರದೇ ಇರೋದರಿಂದ ಡಿಪೋ, ಅಂದ್ರೆ ಮೂಳೆಯೊಳಗಿನ ಮಜ್ಜೆ, ಇನ್ನಷ್ಟು ಬಸ್ಸು ಬಿಡುತ್ತೆ. ಸಿಬಿಸಿ ಅನ್ನೋದು ರಸ್ತೆ ಮೇಲಿರೋರನ್ನ ಮಾತ್ರ ಎಣಿಸೋದು. ಹಾಗಾಗಿ ಕಾಗದದ ಮೇಲೆ 64 ಸಾವಿರ, ಗಾಯದಲ್ಲಿ ಸೊನ್ನೆ.

ಕೀವು ಅಂದ್ರೆ ಬಹುಪಾಲು ಹೋರಾಡಿ ಸತ್ತ ಬಿಳಿರಕ್ತಕಣಗಳೇ. ಅವು ಅಲ್ಲಿಗೆ ಹೋಗದಿದ್ದರೆ ಕೀವೆಲ್ಲಿಂದ ಬರಬೇಕು? ಹೊಕ್ಕುಳ ಬಳ್ಳಿ ಕಳಚಿ ಬೀಳೋದಕ್ಕೂ ಇದೇ ಕಣಗಳು ಅಲ್ಲಿಗೆ ಹೋಗಬೇಕು. ಅಜ್ಜಿ ಗಮನಿಸಿದ ಎರಡು ವಿಷಯ, ರಿಪೋರ್ಟಿನ ಒಂದು ಅಂಕಿ, ಮೂರೂ ಒಂದೇ ಕಾರಣದ ಮೂರು ಮುಖ. ಬಳ್ಳಿ ತಡವಾಗಿ ಬೀಳೋ ಕೂಸುಗಳಲ್ಲಿ ಹೆಚ್ಚಿನವು ಆರೋಗ್ಯವಾಗೇ ಇರ್ತವೆ, ಇದನ್ನ ಓದಿ ಯಾರೂ ಗಾಬರಿ ಬೀಳಬೇಡಿ. ತಿಂಗಳು ದಾಟಿತು, ಜೊತೆಗೆ ಹೊಕ್ಕುಳು ಕೆಂಪಾಯ್ತು, ಬಿಳಿರಕ್ತಕಣ ಇಳೀತಾನೇ ಇಲ್ಲ ಅಂದಾಗ ಮಾತ್ರ ಕೇಳಬೇಕು.

ಆಮೇಲೆ ರಾತ್ರಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಹುಡುಕಿದಾಗ ಸಿಕ್ಕಿದ್ದು: 1979ರಲ್ಲೇ ಲಂಡನ್ನಿನ ಡಾಕ್ಟರುಗಳು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದಿದ್ದರು, ಹೊಕ್ಕುಳ ಬಳ್ಳಿ ತಡವಾಗಿ ಬೀಳೋದು, ಮೈಯೆಲ್ಲ ಸೋಂಕು, ಚಲಿಸದ ಬಿಳಿರಕ್ತಕಣ, ಈ ಮೂರೂ ಒಟ್ಟಿಗೆ ಕಾಣಿಸೋ ಮಕ್ಕಳ ಬಗ್ಗೆ. 1987ರಲ್ಲಿ ಅಮೆರಿಕದ ತಿಮೋತಿ ಸ್ಪ್ರಿಂಗರ್ ಅವರ ಪ್ರಯೋಗಾಲಯ ದೋಷ ಇರೋದು ಸಿಡಿ18ರಲ್ಲೇ ಅಂತ ತೋರಿಸಿತು. ನಮ್ಮಲ್ಲೂ ಇದರ ಮೇಲೆ ಕೆಲಸ ಆಗಿದೆ. ಮುಂಬೈನ ರಾಷ್ಟ್ರೀಯ ಇಮ್ಯುನೋಹೆಮಟಾಲಜಿ ಸಂಸ್ಥೆಯಲ್ಲಿ ಮನೀಷಾ ಮಡ್ಕೈಕರ್ ಮತ್ತವರ ಸಂಗಡಿಗರು ಭಾರತದ ಎಲ್‌ಎಡಿ ಮಕ್ಕಳ ಬಗ್ಗೆ ಬರೆದಿದ್ದಾರೆ. ನಾನು ಹುಟ್ಟೋ ಮೊದಲೇ ಬರೆದಿಟ್ಟಿದ್ದ ವಿಷಯವನ್ನ ನಾನು ಮೂರು ವಾರ ನಾರ್ಮಲ್ಲು ಅಂತ ತಳ್ಳಿಹಾಕಿದ್ದೆ.

ಹುಟ್ಟಿನಿಂದಲೇ ಬರೋ ಇಂಥ ರೋಗನಿರೋಧಕ ಕೊರತೆಗಳು ನಾನೂರೈವತ್ತಕ್ಕೂ ಹೆಚ್ಚು ಇವೆಯಂತೆ. ಎಲ್ಲವೂ ನಮ್ಮ ಪುಟ್ಟನ ಹಾಗೆ ಕಾಣಿಸಲ್ಲ. ಕೆಲವು ಮಕ್ಕಳಲ್ಲಿ ಕಣಗಳು ಗಾಯದ ಹತ್ತಿರ ಸರಿಯಾಗೇ ಹೋಗ್ತವೆ, ಆದ್ರೆ ರೋಗಾಣುವನ್ನ ನುಂಗಿ ಕೊಲ್ಲೋಕೆ ಆಗಲ್ಲ. ಅಂಥವರಿಗೆ ಕೀವು ಬೇಕಾದಷ್ಟು, ಲಿವರ್ರಲ್ಲಿ, ಕತ್ತಿನ ಗಂಟಲ್ಲಿ ಮತ್ತೆ ಮತ್ತೆ ಬಾವು, ಸಿಬಿಸಿ ಮಾತ್ರ ಕೆಟ್ಟದ್ದೇನನ್ನೂ ಹೇಳಲ್ಲ. ಇನ್ನು ಕೆಲವರಲ್ಲಿ ನ್ಯೂಟ್ರೋಫಿಲ್ ಅನ್ನೋ ಕಣ ಹುಟ್ಟೋದೇ ಇಲ್ಲ. ಮತ್ತೆ ಕೆಲವರಲ್ಲಿ ಲಿಂಫೋಸೈಟ್ ಇರಲ್ಲ, ಅದು ಎಲ್ಲಕ್ಕಿಂತ ಕೆಟ್ಟದ್ದು.

ಈ ಕೊನೆಯ ಎರಡನ್ನ ಹಿಡಿಯೋಕೆ ಒಂದು ಗುಣಾಕಾರ ಸಾಕು ಅಂತ ಗೊತ್ತಾದಾಗ ನನಗೆ ಸಿಟ್ಟೇ ಬಂತು. ರಿಪೋರ್ಟಿನಲ್ಲಿ ಒಟ್ಟು ಸಂಖ್ಯೆ ಒಂದು ಕಡೆ, ಶೇಕಡಾವಾರು ಇನ್ನೊಂದು ಕಡೆ ಇರುತ್ತಲ್ಲ, ಎರಡನ್ನ ಗುಣಿಸಿ ನೂರರಿಂದ ಭಾಗಿಸಬೇಕು. ಒಟ್ಟು 8 ಸಾವಿರ, ಲಿಂಫೋಸೈಟ್ ಶೇಕಡಾ 15 ಅಂದ್ರೆ ಬರೋದು 1200. ದೊಡ್ಡವರಿಗೆ ಅದು ನಡೆಯುತ್ತೆ. ಕೆಲವು ತಿಂಗಳ ಕೂಸಿಗೆ ಎರಡೂವರೆ ಮೂರು ಸಾವಿರಕ್ಕಿಂತ ಕಮ್ಮಿ ಇದ್ದರೆ ಮತ್ತೊಮ್ಮೆ ಮಾಡಿಸಿ ಡಾಕ್ಟರನ್ನ ಕೇಳಲೇಬೇಕು. ನ್ಯೂಟ್ರೋಫಿಲ್ ಹೀಗೇ ಲೆಕ್ಕ ಹಾಕಿ 500ಕ್ಕಿಂತ ಕಮ್ಮಿ ಬಂದರೆ ತಡಮಾಡಬಾರದು. ಇನ್ನೊಂದು ಮಾತು. ನಮ್ಮಲ್ಲಿ ಹುಟ್ಟಿದ ತಕ್ಷಣ ಬಿಸಿಜಿ ಹಾಕ್ತಾರೆ, ಅದರಲ್ಲಿರೋದು ಜೀವಂತ ರೋಗಾಣು. ಎಲ್ಲ ಮಕ್ಕಳಿಗೂ ಅದು ಒಳ್ಳೆಯದೇ, ಹಾಕಿಸಲೇಬೇಕು. ಆದ್ರೆ ಮೊದಲು ಒಂದು ಕೂಸು ಸೋಂಕಿನಿಂದ ತೀರಿಕೊಂಡಿರೋ ಮನೆಯಾದರೆ, ಸೂಜಿ ಚುಚ್ಚೋಕೆ ಮುಂಚೆ ಆ ವಿಷಯ ಹೇಳಿಬಿಡಿ. ಇಂಥ ಕೊರತೆ ಇರೋ ಕೆಲವು ಮಕ್ಕಳಲ್ಲಿ ಆ ಲಸಿಕೆಯೇ ಮೈಯೆಲ್ಲ ಹರಡುತ್ತೆ.

ಸರಿ, ಸಂಬಂಧದ ವಿಷಯಕ್ಕೆ ಬರ್ತೀನಿ. ಇದನ್ನ ಬರೆಯೋದೇ ಕಷ್ಟ.

ಎಲ್‌ಎಡಿ ಬರಬೇಕಾದರೆ ಅಪ್ಪನಿಂದ ಒಂದು, ಅಮ್ಮನಿಂದ ಒಂದು, ಎರಡೂ ಕೆಟ್ಟ ಪ್ರತಿಗಳು ಮಗುವಿಗೆ ಬರಬೇಕು. ಒಂದೇ ಇದ್ದರೆ ಆರಾಮಾಗಿ ನೂರು ವರ್ಷ ಬದುಕಬಹುದು, ಗೊತ್ತೇ ಆಗಲ್ಲ. ಹೊರಗಿನ ಹುಡುಗಿಯಲ್ಲಿ ಅದೇ ದೋಷ ಇರೋ ಸಾಧ್ಯತೆ ತೀರಾ ಕಮ್ಮಿ. ಸೋದರಮಾವನಲ್ಲಿ ಇದ್ದರೆ ಅವನ ಅಕ್ಕನ ಮಗಳಲ್ಲಿ ಇರೋ ಸಾಧ್ಯತೆ ಕಡಿಮೆ ಅಂದರೂ ನಾಲ್ಕರಲ್ಲಿ ಒಂದು. ಇಬ್ಬರಲ್ಲೂ ಇದ್ದರೆ ಪ್ರತಿ ಬಸುರಿನಲ್ಲೂ ಮತ್ತೆ ನಾಲ್ಕರಲ್ಲಿ ಒಂದು. ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್, ಅಲನ್ ಬಿಟ್ಲ್ಸ್ ಜೊತೆ ಸೇರಿ 1980ರ ದಶಕದ ಕರ್ನಾಟಕವನ್ನು ಅಧ್ಯಯನ ಮಾಡಿದಾಗ ಸುಮಾರು ಮೂರು ಮದುವೆಗೆ ಒಂದು ಸಂಬಂಧದೊಳಗಿನದು ಅಂತ ಕಂಡಿತ್ತು. ಅಂದ್ರೆ ನಮ್ಮ ಮನೆ ಏನೂ ವಿಚಿತ್ರ ಅಲ್ಲ. ಹೀಗೆ ಮದುವೆಯಾದ ಬಹುಪಾಲು ಜನರ ಮಕ್ಕಳು ಚೆನ್ನಾಗೇ ಇದ್ದಾರೆ, ನಮ್ಮಮ್ಮನೇ ಸಾಕ್ಷಿ.

ಇದನ್ನೆಲ್ಲ ನಾನು ಕಾಗದದ ಮೇಲೆ ಚೌಕ ಬರೆದು ಮಾವನಿಗೆ ವಿವರಿಸಿದೆ. ಓದಿದವನ ದರ್ಪ ನೋಡಿ. ಮಾವ ಪೂರ್ತಿ ಕೇಳಿ, "ಅಂದ್ರೆ ನಾನು ಬೇರೆಯವಳನ್ನ ಕಟ್ಕೊಂಡಿದ್ರೆ ನನ್ನ ಮಕ್ಕಳು ಚೆನ್ನಾಗಿರೋರು, ಇವಳು ಬೇರೆಯವನನ್ನ ಕಟ್ಕೊಂಡಿದ್ರೆ ಇವಳ ಮಕ್ಕಳೂ ಚೆನ್ನಾಗಿರೋರು, ಅಷ್ಟೇ ತಾನೇ?" ಅಂದ. ಅಕ್ಕ ಅಲ್ಲೇ ಇದ್ದಳು. ನಾನು ಆ ಕಾಗದ ಮಡಚಿ ಜೇಬಿಗೆ ಹಾಕಿಕೊಂಡೆ.

ಪುಟ್ಟನದು ತೀವ್ರ ಬಗೆಯದು. ಅಸ್ಥಿಮಜ್ಜೆ ಕಸಿ ಆಗದಿದ್ದರೆ ಇಂಥ ಮಕ್ಕಳಲ್ಲಿ ಹೆಚ್ಚಿನವರು ಎರಡು ವರ್ಷ ದಾಟಲ್ಲ ಅಂತ ನೇರವಾಗೇ ಹೇಳಿದರು. ದಾನಿ ಬೇಕು. ಒಡಹುಟ್ಟಿದವರು ಇಲ್ಲ. ಎಲ್ಲರ ರಕ್ತವನ್ನೂ ಕೊಟ್ಟೆವು, ಅಮ್ಮ, ಅಪ್ಪ, ನಾನು, ಅಕ್ಕ, ಮಾವ. ಸಾಮಾನ್ಯವಾಗಿ ಅಪ್ಪ ಅಮ್ಮಂದಿರದು ಮಗುವಿಗೆ ಅರ್ಧವೇ ಹೊಂದೋದು. ಮಾವನದು ಪೂರ್ತಿ ಹೊಂದಿತು. ಅಕ್ಕನಿಂದ ಪುಟ್ಟನಿಗೆ ಬಂದ ಅರ್ಧವೂ ಅಜ್ಜ–ಅಜ್ಜಿಯ ಕಡೆಯದೇ, ಮಾವನ ಹತ್ತಿರ ಇದ್ದದ್ದೇ. ಸಂಬಂಧದೊಳಗಿನ ಮದುವೆಗಳಲ್ಲಿ ಹೀಗಾಗೋದು ಬೇರೆ ಕಡೆಗಿಂತ ಹೆಚ್ಚು ಅಂದರು ಡಾಕ್ಟರು. ಆ ಸಂಜೆ ಮಾವ ಆಸ್ಪತ್ರೆಯ ಕ್ಯಾಂಟೀನಲ್ಲಿ ನಾಲ್ಕು ಇಡ್ಲಿ ತಿಂದ. ವಾರದಿಂದ ಕಾಫಿ ಬಿಟ್ಟು ಬೇರೇನೂ ತಗೊಂಡಿರಲಿಲ್ಲ.

ದುಡ್ಡಿನ ವಿಷಯ ಚಿಕ್ಕದಾಗಿ. ತೆಂಗಿನ ತೋಟದ ಮೇಲೆ ಸಾಲ ಆಗಿದೆ, ತೀರುತ್ತೆ. ನಮಗೆ ತಡವಾಗಿ ಗೊತ್ತಾದ ಒಂದನ್ನ ನೀವು ಮೊದಲೇ ತಿಳಿದಿರಿ: 2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಲ್ಲಿ, ಕಸಿಯಿಂದ ವಾಸಿಯಾಗೋ ರೋಗನಿರೋಧಕ ಕೊರತೆಗಳನ್ನ ಮೊದಲ ಗುಂಪಿನಲ್ಲೇ ಸೇರಿಸಿದ್ದಾರೆ. ನೆರವಿನ ಮಿತಿಯನ್ನ 2022ರಲ್ಲಿ 50 ಲಕ್ಷಕ್ಕೆ ಏರಿಸಿದರು. ಆ ನೀತಿಯಲ್ಲಿ ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಆಸ್ಪತ್ರೆಯ ಹೆಸರಿದೆ, ಅಂಥವರಿದ್ದರೆ ಅಲ್ಲಿ ವಿಚಾರಿಸಿ.

2024ರ ಅಕ್ಟೋಬರಲ್ಲಿ ಕಸಿ ಆಯ್ತು. ಗಾಜಿನಾಚೆ ಅಕ್ಕ, ಈಚೆ ನಾವು. ಆ ವಾರಗಳ ಬಗ್ಗೆ ಇನ್ನೊಂದು ದಿನ ಬರೀತೀನೇನೋ.

ಹೋದ ಬೇಸಿಗೆಯಲ್ಲಿ ಊರಿಗೆ ಹೋಗಿದ್ದೆ. ಪುಟ್ಟ ಅಂಗಳದಲ್ಲಿ ತೆಂಗಿನ ಗರಿ ಎಳೆದುಕೊಂಡು ಓಡಾಡ್ತಿದ್ದ. ಸೊಳ್ಳೆ ಕಚ್ಚಿದ್ದನ್ನ ಕೆರೆದುಕೊಂಡು ಮೀನಖಂಡದ ಮೇಲೆ ಒಂದು ಸಣ್ಣ ಗುಳ್ಳೆ ಆಗಿತ್ತು. ಅಜ್ಜಿ ಅವನನ್ನ ಹಿಡಿದು ಬೆಳಕಿಗೆ ತಿರುಗಿಸಿ, ಕನ್ನಡಕ ಮೂಗಿನ ತುದಿಗೆ ಇಳಿಸಿ ನೋಡಿದಳು. "ಬಾರೇ ಇಲ್ಲಿ!" ಅಂತ ಅಕ್ಕನನ್ನ ಕೂಗಿದ ರೀತಿಗೆ ನಾವೆಲ್ಲ ಓಡಿದೆವು. ಗುಳ್ಳೆಯ ತುದಿಯಲ್ಲಿ ಸಾಸಿವೆ ಕಾಳಿನಷ್ಟು ಬೆಳ್ಳಗೆ. ಕೀವು. ಅಕ್ಕ ಅಲ್ಲೇ ಜಗಲಿ ಮೇಲೆ ಕೂತು ಅತ್ತಳು. ಕೀವು ನೋಡಿ ಇಷ್ಟು ಖುಷಿ ಪಟ್ಟ ಮನೆ ಕುಣಿಗಲ್ ತಾಲ್ಲೂಕಲ್ಲೇ ಇನ್ನೊಂದು ಇರಲಾರದು. (ಡಾಕ್ಟರಿಗೆ ತೋರಿಸಿದೆವು ಬಿಡಿ, ಏನೂ ಇಲ್ಲ ಅಂದರು.)

ಆವತ್ತು ರಾತ್ರಿ ಊಟ ಆದಮೇಲೆ ಲ್ಯಾಪ್‌ಟಾಪ್ ತೆಗೆದು ಅಜ್ಜಿಯ ಪಕ್ಕ ಕೂತೆ. ನನಗೂ ಮದುವೆ ಮಾತು ನಡೀತಿದೆ, ಅದೂ ಸಂಬಂಧದಲ್ಲೇ. ನನ್ನಲ್ಲೂ ಒಂದು ಕೆಟ್ಟ ಪ್ರತಿ ಇದೆ ಅಂತ ಪರೀಕ್ಷೆಯಲ್ಲಿ ಗೊತ್ತಾಗಿದೆ. ಹಾಗಾಗಿ ವಂಶದಲ್ಲಿ ಹುಟ್ಟಿದವರು, ಹೋದವರು, ಯಾರಿಗೆ ಯಾರು ಅಂತ ಒಂದು ಪಟ್ಟಿ ಮಾಡೋಣ ಅಂತ. ಅಜ್ಜಿ ಬೆರಳು ಮಡಚಿ ಹೇಳ್ತಾ ಹೋದಳು, ನಾನು ಟೈಪ್ ಮಾಡ್ತಾ ಹೋದೆ. ತನ್ನವೇ ಎರಡು, ಎರಡೂ ತಿಂಗಳೊಳಗೆ, "ನಂಜು". ತಂಗಿಯದೊಂದು. ಅವೂ ಇದೇ ಕಾಯಿಲೆಯೇ ಅಂತ ಇವತ್ತು ಯಾರೂ ಹೇಳಲಾರರು. ಇದನ್ನ ಮೊದಲು ಯಾರೂ ಕೇಳಿರಲಿಲ್ಲವಾ ಅಂದೆ. ಯಾರು ಕೇಳ್ತಾರೆ ಅಂದಳು.

ಮುಗೀತು ಅಂದುಕೊಂಡು ಮುಚ್ಚೋಕೆ ಹೋದಾಗ ಕೈ ಹಿಡಿದಳು.

"ತಡಿ, ಇನ್ನೊಂದು ಇತ್ತು. ನಿಮ್ಮಮ್ಮನಿಗಿಂತ ಮೊದಲಿಂದು. ಅದಕ್ಕೆ ಹೆಸರಿಟ್ಟಿರ್ಲಿಲ್ಲ ಕಣಪ್ಪ, ಏನಂತ ಬರ್ಕೋತೀಯ?"

"ಗಂಡಾ ಹೆಣ್ಣಾ ಅಜ್ಜಿ?"

"ಹೆಣ್ಣು. ಬಳ್ಳಿ ಬಿದ್ದಿರ್ಲಿಲ್ಲ."